ಕಾರಿನ ಬ್ರೇಕ್ ಭಾಗಗಳು: ಯಾವುದನ್ನು ರಿಪೇರಿ ಮಾಡಿಸಬಹುದು, ಯಾವುದನ್ನು ಬದಲಿಸಲೇಬೇಕು

ನಂದಿ ಬೆಟ್ಟದಿಂದ ಇಳಿದು ಬಂದ ಕಾರುಗಳು ಬುಡದಲ್ಲಿ ನಿಂತಾಗ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುವುದು ಚಿಕ್ಕಬಳ್ಳಾಪುರದ ಕಡೆಯವರಿಗೆ ಹೊಸದಲ್ಲ. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿರುವ ಆ ಬೆಟ್ಟದ ನೆತ್ತಿ ನಮ್ಮ ಪಟ್ಟಣಕ್ಕಿಂತ 500 ಮೀಟರಿಗೂ ಹೆಚ್ಚು ಮೇಲಿದೆ. ಜನರೂ ಸೇರಿ 1300 ಕಿಲೋ ತೂಗುವ ಕಾರೊಂದು 500 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 64 ಲಕ್ಷ ಜೂಲ್. ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರ ಕಾರಿನಲ್ಲಿ ಇದರ ಬಹುಪಾಲನ್ನು ಬ್ರೇಕುಗಳೇ ನುಂಗಬೇಕಾಗುತ್ತದೆ. ಹೀಗೆ ಕಾದು ತಣಿದ ಡಿಸ್ಕು (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ), ಪ್ಯಾಡು (ಅದನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಬಿಲ್ಲೆ), ರಬ್ಬರು, ಬ್ರೇಕಿನ ದ್ರವ ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬಿಸಾಡಬೇಕು ಎಂಬ ಪ್ರಶ್ನೆ ಗ್ಯಾರೇಜಿನ ಮುಂದೆ ನಿಂತಾಗ ಎದುರಾಗುತ್ತದೆ. ಆ ಹೊತ್ತಿನಲ್ಲಿ ಮಾಲೀಕನಿಗೆ ವಿಷಯ ತಿಳಿದಿಲ್ಲದಿದ್ದರೆ ಎರಡರಲ್ಲೊಂದು ತಪ್ಪು ನಡೆಯುತ್ತದೆ. ಬದಲಿಸಲೇಬೇಕಾದದ್ದನ್ನು ಅಗ್ಗದ ರಿಪೇರಿಯಲ್ಲಿ ಮುಗಿಸುತ್ತಾರೆ, ಇಲ್ಲವೆ ಸ್ವಚ್ಛ ಮಾಡಿ ಗ್ರೀಸ್ ಹಚ್ಚಿದರೆ ಸಾಕಾಗಿದ್ದ ಕಡೆ ಇಡೀ ಸೆಟ್ಟನ್ನೇ ಬದಲಿಸಿ ಸಾವಿರಾರು ರೂಪಾಯಿ ಕೊಟ್ಟು ಬರುತ್ತಾರೆ.

ಈ ನಿರ್ಧಾರವನ್ನು ಅಂದಾಜಿನಿಂದ ಮಾಡಬಾರದು, ಅಳತೆಯಿಂದ ಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಳತೆಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು: ಈ ಭಾಗ ಕೆಟ್ಟದ್ದು ಏಕೆ? ಕಾರಣವನ್ನು ಹುಡುಕದೆ ಹಾಕಿದ ಹೊಸ ಭಾಗವೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ನಮ್ಮ ಮನೆಯ ಕಾರಿನಲ್ಲಿಯೇ ಇದನ್ನು ಕಂಡಿದ್ದೇನೆ. ಎಡಗಡೆಯ ಮುಂದಿನ ಚಕ್ರದ ಒಳಬದಿಯ ಪ್ಯಾಡ್ ಒಂದು ವರ್ಷ ತುಂಬುವ ಮೊದಲೇ ಕಬ್ಬಿಣದವರೆಗೆ ಸವೆದಿತ್ತು, ಬಲಗಡೆಯದು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಒಂದು ಗ್ಯಾರೇಜಿನಲ್ಲಿ ಪ್ಯಾಡ್ ಬದಲಿಸಿ ಕಳಿಸಿದರು. ಮುಂದಿನ ವರ್ಷವೂ ಅದೇ ಕಥೆ. ಎರಡನೆಯ ಸಲ ಡಿಸ್ಕ್ ಕೂಡ ಹಾಳಾಗಿತ್ತು. ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನು ಬಿಚ್ಚಿ, ಅದು ಅತ್ತಿತ್ತ ಜಾರಲು ಇರುವ ಗೈಡ್ ಪಿನ್ನನ್ನು ಕೈಯಿಂದ ಎಳೆದು ನೋಡಿದರು. ಅದು ಅಲುಗಾಡಲಿಲ್ಲ. ಪಿನ್ನಿನ ರಬ್ಬರ್ ಬೂಟು (ಹೊದಿಕೆ) ಹರಿದು, ಕೆಂಪು ಧೂಳು ಒಳಗೆ ಹೊಕ್ಕು, ಗ್ರೀಸ್ ಒಣಗಿ ತುಕ್ಕು ಹಿಡಿದಿತ್ತು. ಬೇಕಾಗಿದ್ದದ್ದು ಒಂದು ಬೂಟು, ಒಂದಷ್ಟು ಗ್ರೀಸು, ಅರ್ಧ ಗಂಟೆಯ ಕೆಲಸ. ಅದನ್ನು ಮೊದಲ ಸಲವೇ ನೋಡಿದ್ದರೆ ಒಂದು ಸೆಟ್ ಪ್ಯಾಡು, ಒಂದು ಜೊತೆ ಡಿಸ್ಕು ಉಳಿಯುತ್ತಿದ್ದವು.

ಪ್ಯಾಡ್ ಮತ್ತು ಶೂ

ಪ್ಯಾಡ್ ಸವೆಯಲೆಂದೇ ಇರುವ ಭಾಗ. ಅದಕ್ಕೆ ರಿಪೇರಿ ಎಂಬುದಿಲ್ಲ. ಸಾಮಾನ್ಯವಾಗಿ ಹೊಸ ಪ್ಯಾಡಿನ ಉಜ್ಜುವ ಪದರ 10 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅದು 3 ಮಿಲಿಮೀಟರಿಗೆ ಇಳಿದಾಗ ಬದಲಿಸುವುದು ಒಳ್ಳೆಯದು. ಇಲ್ಲಿ ಬಹಳ ಜನ ಎಡವುವುದು ಅಳತೆ ಮಾಡುವ ಕ್ರಮದಲ್ಲಿ: ಹಿಂಬದಿಯ ಉಕ್ಕಿನ ತಟ್ಟೆಯನ್ನೂ ಸೇರಿಸಿ ಅಳೆದು ಇನ್ನೂ ಬೇಕಾದಷ್ಟು ಇದೆ ಎಂದುಕೊಳ್ಳುತ್ತಾರೆ. ತಟ್ಟೆಯನ್ನು ಬಿಟ್ಟು, ಉಜ್ಜುವ ಪದರವನ್ನಷ್ಟೇ ಅಳೆಯಬೇಕು. ಹೊರಗಿನಿಂದ ಕಾಣುವ ಪ್ಯಾಡನ್ನು ಮಾತ್ರವಲ್ಲದೆ ಒಳಬದಿಯದನ್ನೂ ಅಳೆಯಬೇಕು, ಏಕೆಂದರೆ ಪಿನ್ ಜಾಮ್ ಆದ ಕಾರುಗಳಲ್ಲಿ ಒಳಬದಿಯದೇ ಮೊದಲು ಸವೆಯುತ್ತದೆ. ಬದಲಿಸುವಾಗ ಒಂದೇ ಚಕ್ರಕ್ಕೆ ಬದಲಿಸದೆ, ಒಂದೇ ಆಕ್ಸಲಿನ, ಅಂದರೆ ಮುಂದಿನ ಅಥವಾ ಹಿಂದಿನ ಜೋಡಿ ಚಕ್ರಗಳ, ಎರಡೂ ಕಡೆಗೆ ಬದಲಿಸಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇದ್ದರೆ ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುವ ಸಂಭವವಿರುತ್ತದೆ.

ಪದರದ ದಪ್ಪ ಸಾಕಷ್ಟಿದ್ದರೂ ಬಿಸಾಡಬೇಕಾದ ಪ್ಯಾಡುಗಳಿವೆ. ಗ್ರೀಸ್, ಎಂಜಿನ್ ಆಯಿಲ್ ಅಥವಾ ಬ್ರೇಕಿನ ದ್ರವವನ್ನು ಹೀರಿಕೊಂಡ ಪ್ಯಾಡನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಪದ್ಧತಿ ನಮ್ಮಲ್ಲಿ ಕೆಲವೆಡೆ ಇದೆ. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಇಳಿದ ಎಣ್ಣೆ ಕಾದಾಗ ಮತ್ತೆ ಮೇಲಕ್ಕೆ ಒಸರುತ್ತದೆ, ಅದೂ ಇಳಿಜಾರಿನ ನಡುವೆ, ಬ್ರೇಕ್ ಹೆಚ್ಚು ಬೇಕಾದ ಹೊತ್ತಿನಲ್ಲಿ. ತಟ್ಟೆಯಿಂದ ಪದರ ಬಿಡತೊಡಗಿದ ಪ್ಯಾಡನ್ನೂ, ಬಿರುಕು ಬಿಟ್ಟು ಅಂಚು ಉದುರುತ್ತಿರುವ ಪ್ಯಾಡನ್ನೂ ಉಳಿಸಿಕೊಳ್ಳಬಾರದು. ಕಾದು ಮೇಲ್ಮೈ ಗಾಜಿನಂತೆ ನುಣುಪಾಗಿದ್ದು ಉಳಿದದ್ದೆಲ್ಲ ಸರಿಯಿದ್ದರೆ ಮಾತ್ರ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ ಬಳಸಿ ನೋಡಬಹುದು. ಆದರೆ ಮತ್ತೆ ಹಾಗೆಯೇ ಆದರೆ ಕಾರಣ ಪ್ಯಾಡಿನಲ್ಲಿಲ್ಲ, ಬಿಡದೆ ಹಿಡಿದುಕೊಂಡಿರುವ ಕ್ಯಾಲಿಪರಿನಲ್ಲಿದೆ ಎಂದು ತಿಳಿಯಬೇಕು.

ಹಿಂದಿನ ಚಕ್ರಗಳಲ್ಲಿ ಡಿಸ್ಕಿನ ಬದಲು ಡ್ರಮ್ (ಡಬ್ಬಿಯಂಥ ಭಾಗ) ಇರುವ ಕಾರುಗಳಿಗೆ, ಅದರ ಒಳಗೋಡೆಗೆ ಒತ್ತುವ ಶೂಗಳ ಮೇಲೆ ಹೊಸ ಲೈನರ್ (ಉಜ್ಜುವ ಪದರ) ಹೊಡೆಸುವ ಹಳೆಯ ಪದ್ಧತಿ ಇದೆ. ಲಾರಿಗಳಲ್ಲಿ ರಿವಿಟ್ ಹೊಡೆದು ಕೂರಿಸುವ ಲೈನರಿಗೆ ಅದು ಇಂದಿಗೂ ಸರಿಯಾದ ಕ್ರಮವೇ. ಆದರೆ ಸಣ್ಣ ಕಾರಿನ ಶೂಗಳಲ್ಲಿ ಲೈನರನ್ನು ಒತ್ತಡ ಮತ್ತು ಶಾಖದಲ್ಲಿ ಅಂಟಿಸಿರುತ್ತಾರೆ. ಆ ಅಂಟಿನ ಗುಣವನ್ನು ಬೀದಿಯ ಅಂಗಡಿಯಲ್ಲಿ ಪರೀಕ್ಷಿಸುವ ದಾರಿಯಿಲ್ಲ. ಲೈನರ್ ಕಿತ್ತು ಬಂದು ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ಚಕ್ರವೇ ಜಾಮ್ ಆಗಬಹುದು. ಕಾರಿಗೆ ಶೂ ಸೆಟ್ಟನ್ನು ಹೊಸದಾಗಿಯೇ ಕೊಳ್ಳಿರಿ ಎಂದು ನಾನು ಹೇಳುತ್ತೇನೆ.

ಡಿಸ್ಕ್ ಮತ್ತು ಡ್ರಮ್

ರಿಪೇರಿಗೆ ನಿಜವಾಗಿ ಅವಕಾಶವಿರುವುದು ಇಲ್ಲಿ. ಡಿಸ್ಕ್ ಮತ್ತು ಡ್ರಮ್ ಎರಡೂ ಎರಕದ ಕಬ್ಬಿಣದವು. ಸವೆತಕ್ಕೆಂದು ಒಂದಿಷ್ಟು ದಪ್ಪವನ್ನು ಹೆಚ್ಚಾಗಿಯೇ ಇಟ್ಟು ಅವುಗಳನ್ನು ಮಾಡಿರುತ್ತಾರೆ. ಡಿಸ್ಕ್ ಎಷ್ಟು ತೆಳ್ಳಗಾಗುವವರೆಗೆ ಬಳಸಬಹುದು ಎಂಬ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ, ಅಂಚಿನಲ್ಲಿ ಅಥವಾ ನಡುವಿನ ಟೊಪ್ಪಿಯಂಥ ಭಾಗದಲ್ಲಿ ಅಚ್ಚು ಹಾಕಿರುತ್ತಾರೆ. ಡ್ರಮ್ಮಿನಲ್ಲಿ ಗರಿಷ್ಠ ಒಳವ್ಯಾಸವನ್ನು ಕೊಟ್ಟಿರುತ್ತಾರೆ. ತುಕ್ಕಿನಿಂದ ಅಕ್ಷರ ಕಾಣದಿದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿ ನೋಡಬೇಕು. ಆಗಲೂ ಸಿಗದಿದ್ದರೆ ಆ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿ ಸಿಗುತ್ತದೆ.

ಒಂದು ಉದಾಹರಣೆಯಿಂದ ಲೆಕ್ಕವನ್ನು ಸ್ಪಷ್ಟಪಡಿಸುತ್ತೇನೆ. ಹೊಸದಾಗಿದ್ದಾಗ 20 ಮಿಲಿಮೀಟರ್ ದಪ್ಪವಿದ್ದು, ಕನಿಷ್ಠ 18 ಎಂದು ಅಚ್ಚು ಹಾಕಿರುವ ಡಿಸ್ಕ್ ಇದೆ ಎಂದುಕೊಳ್ಳೋಣ. ಅಳೆದಾಗ 19.3 ಬಂದು, ಮೇಲ್ಮೈಯಲ್ಲಿ ಗೀರುಗಳಿದ್ದರೆ ಪ್ರತಿ ಬದಿಯಿಂದ 0.2 ಮಿಲಿಮೀಟರ್ ಲೇತ್ ಯಂತ್ರದಲ್ಲಿ ಕೆತ್ತಿ ತೆಗೆಸಿದರೂ 18.9 ಉಳಿಯುತ್ತದೆ; ಇನ್ನೊಂದು ಸೆಟ್ ಪ್ಯಾಡ್ ಸವೆಯುವವರೆಗೆ ಆ ಡಿಸ್ಕ್ ಬಾಳುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಅದೇ ಡಿಸ್ಕ್ 18.5 ಇದ್ದರೆ ಲೇತಿಗೆ ಹಾಕಿದ ಮೇಲೆ 18.1 ಆಗುತ್ತದೆ. ನಿಯಮದ ಪ್ರಕಾರ ಅದು ಇನ್ನೂ ಮಿತಿಯೊಳಗಿದೆ. ಆದರೆ ಕೆಲವು ತಿಂಗಳಲ್ಲೇ ಮಿತಿ ದಾಟುತ್ತದೆ, ಲೇತಿಗೆ ಕೊಟ್ಟ ಹಣವೂ ಹೋಗುತ್ತದೆ. ಅಳತೆ ಮಿತಿಗೆ ಇಷ್ಟು ಹತ್ತಿರವಿದ್ದಾಗ ಜೊತೆಯನ್ನೇ ಬದಲಿಸುವುದು ಲೇಸು. ತೆಳುವಾದ ಡಿಸ್ಕಿಗೆ ಶಾಖವನ್ನು ಹಿಡಿದಿಟ್ಟುಕೊಳ್ಳುವ ಕಬ್ಬಿಣವೇ ಕಡಿಮೆ. ಅದು ಬೇಗ ಕಾದು, ಆ ಶಾಖವನ್ನು ಪ್ಯಾಡಿಗೂ ದ್ರವಕ್ಕೂ ದಾಟಿಸುತ್ತದೆ.

ಅಳೆಯುವಾಗ ಒಂದು ಎಚ್ಚರ ಬೇಕು. ಬಳಸಿದ ಡಿಸ್ಕಿನ ಹೊರ ಅಂಚಿನಲ್ಲಿ ಪ್ಯಾಡ್ ತಾಗದ ಕಡೆ ಒಂದು ಏಣು ಉಳಿದಿರುತ್ತದೆ. ದಪ್ಪ ಅಳೆಯುವ ಮಾಮೂಲಿ ವರ್ನಿಯರ್ ಹಿಡಿದರೆ ಅದರ ದವಡೆಗಳು ಈ ಏಣಿನ ಮೇಲೆ ಕೂತು, ಸವೆಯದ ದಪ್ಪವನ್ನೇ ತೋರಿಸುತ್ತವೆ. ಏಣನ್ನು ದಾಟಿ ಅಳೆಯಬಲ್ಲ ಮೈಕ್ರೋಮೀಟರ್ ಇದ್ದರೆ ಅಂಚಿನಿಂದ ಸುಮಾರು 10 ಮಿಲಿಮೀಟರ್ ಒಳಗೆ, ಸುತ್ತಲೂ ಏಳೆಂಟು ಕಡೆ ಅಳೆಯಬೇಕು. ವರ್ನಿಯರ್ ಮಾತ್ರ ಇದ್ದರೆ ಡಿಸ್ಕಿನ ಎರಡೂ ಬದಿಗೆ ಒಂದೊಂದು ನಾಣ್ಯವನ್ನು ಏಣಿನ ಒಳಗಡೆ ಒತ್ತಿ ಹಿಡಿದು ಅಳೆದು, ನಾಣ್ಯಗಳ ದಪ್ಪವನ್ನು ಕಳೆಯಬೇಕು. ಸುತ್ತಲಿನ ಅಳತೆಗಳ ನಡುವೆ ಮಿಲಿಮೀಟರಿನ ನೂರನೆಯ ಒಂದೆರಡು ಪಾಲು ವ್ಯತ್ಯಾಸವಿದ್ದರೂ ಪೆಡಲಿನಲ್ಲಿ ನಡುಕ ಕಾಣಿಸಿಕೊಳ್ಳಬಹುದು ಎಂಬುದು ನೆನಪಿರಲಿ.

ಈ ನಡುಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಡಿಸ್ಕ್ ಬೆಂಡ್ ಆಗಿದೆ ಎಂಬ ಒಂದೇ ಮಾತಿನಲ್ಲಿ ಎಷ್ಟೋ ಒಳ್ಳೆಯ ಡಿಸ್ಕುಗಳು ಗುಜರಿಗೆ ಹೋಗುತ್ತವೆ. ಡಿಸ್ಕ್ ಕೂರುವ ಹಬ್ಬಿನ (ಚಕ್ರದ ನಡುಭಾಗದ) ಮುಖದ ಮೇಲೆ ತುಕ್ಕಿನ ಪದರ ಉಳಿದಿದ್ದರೆ, ಅಥವಾ ಪಂಕ್ಚರ್ ಹಾಕಿದ ಮೇಲೆ ಚಕ್ರದ ನಟ್ಟುಗಳನ್ನು ಒಂದನ್ನು ಅತಿಯಾಗಿ, ಇನ್ನೊಂದನ್ನು ಸಡಿಲವಾಗಿ ಬಿಗಿದಿದ್ದರೆ, ನೇರವಾಗಿರುವ ಡಿಸ್ಕ್ ಕೂಡ ಓರೆಯಾಗಿ ತಿರುಗುತ್ತದೆ. ಆದ್ದರಿಂದ ನಡುಕ ಶುರುವಾದ ಕೂಡಲೇ ಮೊದಲು ನಟ್ಟುಗಳನ್ನು ಸಡಿಲಿಸಿ, ಎದುರುಬದುರಾಗಿ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಅದರಿಂದ ಹೋಗದಿದ್ದರೆ ಡಿಸ್ಕ್ ಬಿಚ್ಚಿ ಹಬ್ಬಿನ ಮುಖವನ್ನು ಉಜ್ಜಿ ಸ್ವಚ್ಛಗೊಳಿಸಿ ಮತ್ತೆ ಕೂರಿಸಿರಿ. ಲೇತಿನ ಮಾತು ಆಮೇಲೆ. ಹೊಸ ಡಿಸ್ಕ್ ಹಾಕುವಾಗಲೂ ಹಬ್ಬನ್ನು ಸ್ವಚ್ಛ ಮಾಡದೆ ಹಾಕಬಾರದು.

ಲೇತಿಗೂ ಒಪ್ಪದ ಡಿಸ್ಕುಗಳೆಂದರೆ ಬಿರುಕು ಬಿಟ್ಟವು, ಅತಿಯಾಗಿ ಕಾದು ಅಲ್ಲಲ್ಲಿ ನೀಲಿಗಟ್ಟಿ ಗಡುಸು ಕಲೆಗಳಾದವು, ಗಾಳಿಗಂಡಿಗಳ ಒಳಗೆ ತುಕ್ಕು ಪದರ ಪದರವಾಗಿ ಏಳುತ್ತಿರುವವು. ಇಳಿಜಾರು ಮುಗಿಸಿ ಬಂದು, ಕಾದ ಚಕ್ರಕ್ಕೆ ಬಾಟಲಿಯಿಂದ ತಣ್ಣೀರು ಸುರಿಯುವವರನ್ನು ನಾನು ನೋಡಿದ್ದೇನೆ. ಎರಕದ ಕಬ್ಬಿಣಕ್ಕೆ ಇದಕ್ಕಿಂತ ಕೆಟ್ಟ ಉಪಚಾರವಿಲ್ಲ. ಮಳೆಗಾಲದಲ್ಲಿ ಎರಡು ದಿನ ನಿಂತ ಕಾರಿನ ಡಿಸ್ಕಿನ ಮೇಲೆ ಕಾಣುವ ತೆಳು ಕೆಂಪು ತುಕ್ಕಿಗೆ ಮಾತ್ರ ಹೆದರಬೇಕಾಗಿಲ್ಲ, ನಾಲ್ಕಾರು ಸಲ ಬ್ರೇಕ್ ಹಿಡಿದರೆ ಅದು ಹೋಗುತ್ತದೆ. ಜಲ್ಲಿ ಕ್ರಷರುಗಳ ಸುತ್ತ ದಿನವೂ ಓಡಾಡುವ ಕಾರುಗಳಲ್ಲಿ ಕಲ್ಲಿನ ಪುಡಿ ಪ್ಯಾಡಿಗೂ ಡಿಸ್ಕಿಗೂ ನಡುವೆ ಸಿಕ್ಕಿ ಉಂಟಾಗುವ ಸಣ್ಣ ಗೀರುಗಳೂ, ಉಗುರಿಗೆ ಆಳವಾಗಿ ತಡೆಯದಿದ್ದರೆ, ತೊಂದರೆಯಲ್ಲ.

ಡ್ರಮ್ಮಿಗೂ ಇದೇ ನ್ಯಾಯ, ಲೆಕ್ಕ ಮಾತ್ರ ತಿರುವುಮುರುವು: ಲೇತಿಗೆ ಹಾಕಿದಷ್ಟೂ ಒಳವ್ಯಾಸ ಹಿಗ್ಗುತ್ತದೆ. ಅಚ್ಚು ಹಾಕಿದ ಗರಿಷ್ಠ ಅಳತೆಯನ್ನು ದಾಟುವ ಡ್ರಮ್ಮನ್ನು ಬಳಸಬಾರದು.

ಒತ್ತಡ ಹೊರುವ ಭಾಗಗಳು

ನೀವು ಪೆಡಲ್ ತುಳಿದಾಗ ಕಾಲಿನ ಬಲವನ್ನು ಚಕ್ರಕ್ಕೆ ಒಯ್ಯುವುದು ದ್ರವ. ಅದನ್ನು ಹಿಡಿದಿಟ್ಟಿರುವ ಹೋಸು, ಕೊಳವೆ, ಸಿಲಿಂಡರುಗಳ ವಿಷಯದಲ್ಲಿ ನಾನು ರಿಯಾಯಿತಿ ತೋರಿಸುವುದಿಲ್ಲ. ಚಕ್ರದ ಬಳಿಯ ರಬ್ಬರ್ ಹೋಸಿನಲ್ಲಿ ಬಿರುಕು ಕಂಡರೆ, ಇನ್ನೊಬ್ಬರು ಪೆಡಲ್ ತುಳಿದಾಗ ಅದು ಉಬ್ಬಿದರೆ, ಟೈರಿಗೆ ಉಜ್ಜಿ ಸವೆದಿದ್ದರೆ ಬದಲಿಸಲೇಬೇಕು. ಟೇಪು, ಕ್ಲಿಪ್ಪು, ಅಂಟು ಯಾವುದೂ ನಡೆಯದು. ಉಕ್ಕಿನ ಕೊಳವೆ ತುಕ್ಕು ತಿಂದು ಜಿನುಗುತ್ತಿದ್ದರೆ ಬೆಸುಗೆ ಹಾಕಿಸಬೇಡಿರಿ, ಆ ಕೊಳವೆಯನ್ನು ಹೊಸದಾಗಿ ಹಾಕಿಸಿರಿ.

ಹೋಸು ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡಿರುವುದೂ ಉಂಟು. ಆಗ ದ್ರವ ಚಕ್ರದ ಕಡೆಗೆ ಹೋಗುತ್ತದೆ, ವಾಪಸು ಬರುವುದಿಲ್ಲ. ಕಾಲು ತೆಗೆದರೂ ಆ ಚಕ್ರದ ಬ್ರೇಕ್ ಬಿಡುವುದಿಲ್ಲ. ಇದನ್ನು ಕ್ಯಾಲಿಪರಿನ ದೋಷದಿಂದ ಬೇರ್ಪಡಿಸಲು ಸುಲಭವಾದ ಪರೀಕ್ಷೆಯೊಂದಿದೆ. ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬ್ರೇಕ್ ತುಳಿದು ಬಿಟ್ಟು, ಚಕ್ರ ಬಿಗಿಯಾಗಿರುವಾಗಲೇ ಗಾಳಿ ಹೊರಬಿಡಲು ಕ್ಯಾಲಿಪರಿನಲ್ಲಿರುವ ಬ್ಲೀಡರ್ ನಿಪ್ಪಲನ್ನು ತುಸು ಸಡಿಲಿಸಬೇಕು. ದ್ರವ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಹೋಸಿನಲ್ಲಿ ಅಥವಾ ಅದಕ್ಕೂ ಹಿಂದೆ ಸಿಕ್ಕಿಕೊಂಡಿತ್ತು ಎಂದರ್ಥ. ನಿಪ್ಪಲ್ ತೆರೆದರೂ ಚಕ್ರ ಬಿಗಿಯಾಗಿಯೇ ಇದ್ದರೆ ಪ್ಯಾಡನ್ನು ತಳ್ಳುವ ಪಿಸ್ಟನ್ ಅಥವಾ ಗೈಡ್ ಪಿನ್ ಜಾಮ್ ಆಗಿದೆ.

ಕ್ಯಾಲಿಪರ್ ಮಾತ್ರ ಒತ್ತಡದ ಭಾಗವಾಗಿದ್ದರೂ ರಿಪೇರಿಗೆ ತಕ್ಕದ್ದು. ಪಿಸ್ಟನ್ನನ್ನು ಹೊರತೆಗೆದಾಗ ಅದರ ಮೈ ನುಣುಪಾಗಿದ್ದು, ಗುಳಿಗಳಿಲ್ಲದಿದ್ದರೆ ಸೀಲ್ ಮತ್ತು ಬೂಟಿನ ಕಿಟ್ ಹಾಕಿ ನಿಶ್ಚಿಂತೆಯಿಂದ ಬಳಸಬಹುದು. ಕಾಲು ತೆಗೆದಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು ಆ ರಬ್ಬರ್ ಸೀಲೇ ಆದ್ದರಿಂದ, ಗಡುಸಾದ ಸೀಲನ್ನು ಬಿಟ್ಟು ಪ್ಯಾಡ್ ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ. ಪಿಸ್ಟನ್ನಿನ ಮೇಲೆ ತುಕ್ಕಿನ ಗುಳಿಗಳಿದ್ದರೆ ಪಿಸ್ಟನ್ನನ್ನೂ, ಒಳಗಿನ ಗೋಡೆಯೇ ಕೆಟ್ಟಿದ್ದರೆ ಇಡೀ ಕ್ಯಾಲಿಪರನ್ನೂ ಬದಲಿಸಬೇಕು. ಪಿನ್ನುಗಳಿಗೆ ಬ್ರೇಕಿಗೆಂದೇ ಇರುವ, ಶಾಖ ತಡೆಯುವ ಗ್ರೀಸನ್ನೇ ಹಚ್ಚಬೇಕು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸು ರಬ್ಬರನ್ನು ಊದಿಸುತ್ತದೆ.

ಹಿಂದಿನ ಡ್ರಮ್ಮಿನೊಳಗೆ ಶೂಗಳನ್ನು ತಳ್ಳುವ ವ್ಹೀಲ್ ಸಿಲಿಂಡರಿನ ರಬ್ಬರ್ ಬೂಟಿನ ಅಂಚನ್ನು ಮೆಲ್ಲಗೆ ಎತ್ತಿ ನೋಡಿರಿ. ಒಳಗೆ ಒದ್ದೆಯಾಗಿದ್ದರೆ ಅದು ಜಿನುಗುತ್ತಿದೆ. ಇದಕ್ಕೆ ಕಿಟ್ ಹಾಕುವುದಕ್ಕಿಂತ ಹೊಸ ಸಿಲಿಂಡರ್ ಹಾಕುವುದೇ ಸರಿ, ಬೆಲೆಯೂ ಅಷ್ಟೇನೂ ಹೆಚ್ಚಲ್ಲ. ಪೆಡಲ್ ತುಳಿದಾಗ ದ್ರವದಲ್ಲಿ ಒತ್ತಡ ಹುಟ್ಟಿಸುವ ಮಾಸ್ಟರ್ ಸಿಲಿಂಡರಿನ ಪರೀಕ್ಷೆ ಹೀಗಿದೆ: ಎಂಜಿನ್ ಓಡುತ್ತಿರುವಾಗ ಪೆಡಲನ್ನು ಒಂದೇ ಸಮನಾದ ಬಲದಿಂದ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹೊರಗೆಲ್ಲೂ ಜಿನುಗದಿದ್ದರೂ ಪೆಡಲ್ ನಿಧಾನವಾಗಿ ನೆಲದ ಕಡೆಗೆ ಇಳಿಯುತ್ತಾ ಹೋದರೆ ಒಳಗಿನ ರಬ್ಬರ್ ಸೀಲುಗಳು ಸವೆದಿರುವ ಸಂಭವ ಹೆಚ್ಚು. ಹಳೆಯ ಎರಕದ ಕಬ್ಬಿಣದ ಸಿಲಿಂಡರನ್ನು ಉಜ್ಜಿ ಕಿಟ್ ಹಾಕುತ್ತಿದ್ದರು. ಈಗಿನ ಅಲ್ಯೂಮಿನಿಯಂ ಸಿಲಿಂಡರಿನ ಒಳಮೈಯಲ್ಲಿರುವ ರಕ್ಷಣಾ ಪದರ ಹಾಗೆ ಉಜ್ಜಿದರೆ ಹೋಗಿಬಿಡುತ್ತದೆ, ಆದ್ದರಿಂದ ಇದನ್ನು ಪೂರ್ತಿಯಾಗಿ ಬದಲಿಸಬೇಕು. ಎಂಜಿನ್ ಸ್ಟಾರ್ಟ್ ಮಾಡಿದ ಕ್ಷಣದಲ್ಲಿ ಒತ್ತಿಹಿಡಿದ ಪೆಡಲ್ ಒಮ್ಮೆ ತುಸು ಕೆಳಗಿಳಿದು ನಿಲ್ಲುವುದು ಮಾತ್ರ ದೋಷವಲ್ಲ. ಅದು ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ದ್ರವವನ್ನು ನಾವೆಲ್ಲ ಬ್ರೇಕ್ ಆಯಿಲ್ ಎಂದೇ ಕರೆಯುತ್ತೇವೆ, ಆದರೆ ಅದು ಎಣ್ಣೆಯಲ್ಲ. ಆ ಹೆಸರನ್ನು ನಂಬಿ ಎಂಜಿನ್ ಆಯಿಲನ್ನೋ ಸ್ಟಿಯರಿಂಗ್ ಆಯಿಲನ್ನೋ ಸುರಿದರೆ ಇಡೀ ವ್ಯವಸ್ಥೆಯ ರಬ್ಬರುಗಳು ಊದಿ ಹಾಳಾಗುತ್ತವೆ. ಆಮೇಲೆ ತೊಳೆಯುವುದರಿಂದ ಸರಿಹೋಗುವುದಿಲ್ಲ, ರಬ್ಬರ್ ಇರುವ ಎಲ್ಲ ಭಾಗಗಳನ್ನೂ ಬದಲಿಸಬೇಕಾಗುತ್ತದೆ. ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ದರ್ಜೆಯ ದ್ರವಗಳು ಗಾಳಿಯ ತೇವವನ್ನು ಹೀರುತ್ತವೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕೆಂಬುದು ಮಾನದಂಡ, ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಇವೇ ಅಂಕಿಗಳು 205 ಮತ್ತು 140. ಉದ್ದದ ಇಳಿಜಾರಿನಲ್ಲಿ ದ್ರವ ಕುದಿದು ಆವಿಯ ಗುಳ್ಳೆಗಳಾದರೆ ಪೆಡಲ್ ನೆಲಕ್ಕೆ ತಾಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ತಣಿದ ಮೇಲೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಇಂಥ ಅನುಭವವಾದವರು ಪ್ಯಾಡು, ಡಿಸ್ಕು ಬದಲಿಸಿಕೊಂಡು ಕೂರುವ ಮೊದಲು ದ್ರವವನ್ನು ಪೂರ್ತಿ ಬದಲಿಸಬೇಕು. ಕಾರು ಎಷ್ಟೇ ಕಡಿಮೆ ಓಡಿದ್ದರೂ ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿಸುವುದು ಒಳ್ಳೆಯದು. ಕೈಪಿಡಿ ಇನ್ನೂ ಬೇಗ ಎಂದರೆ ಅದರಂತೆಯೇ ನಡೆಯಬೇಕು. ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯ ದ್ರವ ಬೇಡ.

ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ದೀಪ ಹತ್ತಿದರೆ ಗಾಬರಿಯಾಗಿ ದುಬಾರಿ ಯೂನಿಟ್ಟನ್ನು ಬದಲಿಸಲು ಒಪ್ಪಿಕೊಳ್ಳಬೇಡಿರಿ. ಚಕ್ರದ ಬಳಿಯ ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ, ಕೆಸರು ಅಂಟಿರುವುದು ಅಥವಾ ಅದರ ವೈರು ಹರಿದಿರುವುದು ಹೆಚ್ಚಾಗಿ ಕಾಣುವ ಕಾರಣ. ದೋಷ ಓದುವ ಸ್ಕ್ಯಾನರ್ ಹಾಕಿ ಯಾವ ಚಕ್ರ ಎಂದು ತಿಳಿದುಕೊಂಡು ಮೊದಲು ಅದನ್ನು ಸ್ವಚ್ಛಗೊಳಿಸಿ ನೋಡಿಸಿರಿ. ಹ್ಯಾಂಡ್ ಬ್ರೇಕಿನ ಕೇಬಲ್ ಸಡಿಲವಾಗಿದ್ದರೆ ಬಿಗಿ ಮಾಡಿಸಬಹುದು, ಎಳೆಗಳು ಬಿಚ್ಚಿದ್ದರೆ ಬದಲಿಸಬೇಕು.

ಕೆಲಸ ಮಾಡಿಸುವಾಗ

ನೋಡುವುದು, ಅಳೆಯುವುದು ಮನೆಯಲ್ಲಿಯೇ ಆಗುವ ಕೆಲಸ. ಆದರೆ ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಕೈ ಹಾಕಬಾರದು, ಸ್ಟ್ಯಾಂಡ್ ಇಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು. ಬ್ರೇಕಿನ ಧೂಳನ್ನು ಏರ್ ಹೊಡೆದು ಹಾರಿಸಬೇಡಿರಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಮಾರಕ. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಬಟ್ಟೆಯಿಂದ ಒರೆಸಬೇಕು. ದ್ರವದ ಕೊಂಡಿಗಳನ್ನು ಬಿಚ್ಚುವ ಕೆಲಸವನ್ನು ಅಭ್ಯಾಸವಿಲ್ಲದವರು ಮಾಡದಿರುವುದೇ ಸರಿ. ಬಿಚ್ಚಿದ ಮೇಲೆ ಏರ್ ತೆಗೆಯಬೇಕಾಗುತ್ತದೆ, ಎಬಿಎಸ್ ಇರುವ ಕೆಲವು ಕಾರುಗಳಲ್ಲಿ ಅದಕ್ಕೆ ಸ್ಕ್ಯಾನರ್ ಬೇಕು. ಏರ್ ತೆಗೆಯುವ ಚಕ್ರಗಳ ಅನುಕ್ರಮವೂ ಕಾರಿನಿಂದ ಕಾರಿಗೆ ಬದಲಾಗುತ್ತದೆ.

ಗ್ಯಾರೇಜಿನವರು ಯಾವುದನ್ನು ಬದಲಿಸಬೇಕೆಂದರೂ ಹಳೆಯ ಭಾಗವನ್ನು ತೋರಿಸಿ, ಅಳತೆಯನ್ನು ಹೇಳಿ ಎಂದು ಕೇಳುವ ಹಕ್ಕು ನಿಮಗಿದೆ. ಅಣ್ಣಾ, ಡಿಸ್ಕಿನ ಮೇಲೆ ಮಿನಿಮಮ್ ಎಷ್ಟು ಬರೆದಿದೆ, ಈಗ ಎಷ್ಟಿದೆ ಎಂದು ವಿನಯದಿಂದ ಕೇಳಿದರೆ ಒಳ್ಳೆಯ ಮೆಕ್ಯಾನಿಕ್ ಬೇಸರಪಡುವುದಿಲ್ಲ, ಗೇಜ್ ತಂದು ತೋರಿಸುತ್ತಾರೆ. ಭಾಗಗಳನ್ನು ಪಟ್ಟಣದ ಅಂಗಡಿಯಲ್ಲಿ ಕೊಂಡರೂ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಬಿಲ್ ಪಡೆಯಿರಿ. ಕಂಪನಿಯ ಹೆಸರಿನ ಡೂಪ್ಲಿಕೇಟ್ ಪ್ಯಾಡುಗಳ ಪೆಟ್ಟಿಗೆಯಲ್ಲಿ ಅಚ್ಚು ಮಸುಕಾಗಿರಬಹುದು, ಪ್ಯಾಡಿನ ತಟ್ಟೆಯ ಮೇಲೆ ಬ್ಯಾಚಿನ ಗುರುತು ಇರದೆಯೂ ಇರಬಹುದು. ಬಿಲ್ ಕೊಡದ ಅಗ್ಗದ ಪ್ಯಾಡಿಗಿಂತ, ಒಳ್ಳೆಯ ಹೆಸರಿನ ಬೇರೆ ಕಂಪನಿಯ ಪ್ಯಾಡ್ ಎಷ್ಟೋ ಮೇಲು.

ಹೊಸ ಪ್ಯಾಡು ಅಥವಾ ಡಿಸ್ಕು ಹಾಕಿಸಿಕೊಂಡು ಹೊರಡುವ ಮೊದಲು ನಿಂತಲ್ಲಿಯೇ ಪೆಡಲನ್ನು ಹಲವು ಸಲ ಒತ್ತಿ ಗಟ್ಟಿಯಾಗುವಂತೆ ಮಾಡಿಕೊಳ್ಳಬೇಕು, ಏಕೆಂದರೆ ಹಿಂದಕ್ಕೆ ತಳ್ಳಿದ ಪಿಸ್ಟನ್ ಪ್ಯಾಡಿನವರೆಗೆ ಬರುವ ತನಕ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದಿಲ್ಲ. ಮೊದಲ 200 ಕಿಲೋಮೀಟರ್ ಹಗುರವಾಗಿ, ಮುಂಚಿತವಾಗಿ ಬ್ರೇಕ್ ಹಿಡಿಯುತ್ತಾ ಓಡಿಸಿದರೆ ಎರಡು ಮೇಲ್ಮೈಗಳೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆ ಅವಧಿಯಲ್ಲಿ ಬೆಟ್ಟ ಹತ್ತುವ ಯೋಜನೆಯನ್ನು ಮುಂದೂಡಿ, ಚಿಂತಾಮಣಿಯ ಕಡೆಗೋ ಗೌರಿಬಿದನೂರಿನ ಕಡೆಗೋ ಸಾಮಾನ್ಯ ರಸ್ತೆಯಲ್ಲಿ ಓಡಿಸಿರಿ. ಸುಮಾರು 50 ಕಿಲೋಮೀಟರಿನ ನಂತರ ಚಕ್ರದ ನಟ್ಟುಗಳ ಬಿಗಿತವನ್ನೂ, ದ್ರವದ ಮಟ್ಟವನ್ನೂ ಇನ್ನೊಮ್ಮೆ ನೋಡಿರಿ. ಒಂದು ಪ್ರಯಾಣ ಮುಗಿಸಿ ನಿಲ್ಲಿಸಿದ ಕೂಡಲೇ ಪ್ರತಿ ಚಕ್ರದ ಬಳಿ ಅಂಗೈ ಹಿಡಿದು, ಲೋಹವನ್ನು ಮುಟ್ಟದೆ, ಶಾಖವನ್ನು ಹೋಲಿಸಿರಿ; ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸವಿದ್ದರೆ ಹೆಚ್ಚು ಕಾದ ಕಡೆ ಏನೋ ಬಿಡದೆ ಹಿಡಿದುಕೊಂಡಿದೆ, ಅದನ್ನು ಬಿಚ್ಚಿಸಿ ನೋಡಬೇಕು.